ಪುಕ್ಕಲ ಮೇಸ್ತ್ರಿಯ ಕೊನೆಯ ಕಾರು

ಮೇಸ್ತ್ರಿಯ ತಿಥಿಯ ಊಟ ಮುಗಿಸಿ ಭದ್ರಾವತಿಯ ಅವರ ಮನೆಯ ಹಿಂದೆ ಕೈ ತೊಳೆಯುತ್ತಿದ್ದಾಗ ಪಕ್ಕದ ಶೆಡ್ಡಿನೊಳಗಿಂದ ಕಾರಿನ ಹಾರ್ನ್ ಕೇಳಿಸಿತು. ಶೆಡ್ಡಿನಲ್ಲಿದ್ದದ್ದು ಅವರು ಅರ್ಧಕ್ಕೆ ಬಿಟ್ಟುಹೋದ ಒಂದೇ ಒಂದು ಕಾರು. ಅವರು ಹೋದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ನನ್ನ ಕೈಯಿಂದ ಚೊಂಬು ಜಾರಿತು. ಎಲೆ ಎತ್ತುತ್ತಿದ್ದ ಹೆಂಗಸರು ಎತ್ತಿದ ಎಲೆ ಹಿಡಿದುಕೊಂಡೇ ನಿಂತರು. ಹಾರ್ನ್ ಇನ್ನೊಮ್ಮೆ ಆಯಿತು, ಈ ಸಲ ಉದ್ದಕ್ಕೆ.

ಹೋಗಿ ನೋಡಿದರೆ ದೆವ್ವವೂ ಅಲ್ಲ, ಭೂತವೂ ಅಲ್ಲ. ಆ ಕಾರು ಮಾಡಿಸುತ್ತಿದ್ದ ಮೇಡಂ. ಶಂಕರಘಟ್ಟದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅವರಿಗೆ ಕೆಲಸ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎರಡು ಕಾಲಿನ ಶಕ್ತಿಯೂ ಹೋಗಿತ್ತು. ಸೊಂಟದಿಂದ ಹಿಮ್ಮಡಿಯವರೆಗೆ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು, ಎರಡು ಊರುಗೋಲಿನ ಮೇಲೆ ನಡೆಯುತ್ತಿದ್ದರು. ಅಣ್ಣನ ಕೈಲಿ ಎತ್ತಿಸಿಕೊಂಡು ಬಂದು, ಸೀಟಿಲ್ಲದ ಕಾರಿನೊಳಗೆ ಒಂದು ಮಣೆಯ ಮೇಲೆ ಕೂತಿದ್ದರು.

"ಸಾವಾದ ಮನೇಲಿ ಹಾರ್ನ್ ಮಾಡಬಾರ್ದು ಅಂತ ಗೊತ್ತು" ಎಂದರು. "ಆದ್ರೆ ನೀವೆಲ್ಲ ಊಟ ಮಾಡಿ ಹೋಗ್ಬಿಟ್ರೆ ನನ್ನ ಕಾರಿನ ಮಾತು ಯಾರ ಹತ್ರ ಆಡ್ಲಿ?"

ನಾನು ಶಿವಮೊಗ್ಗದಲ್ಲಿ ವಾಹನಗಳ ಸೀಟು ಹೊಲಿಯುವವಳು. ಮೇಸ್ತ್ರಿ ಮಾಡುತ್ತಿದ್ದ ಕಾರುಗಳಿಗೆಲ್ಲ ಸೀಟಿನ ಕೆಲಸ ನನ್ನದು, ಕಬ್ಬಿಣದ ಬೆಸುಗೆ ಭದ್ರಾವತಿಯ ಒಬ್ಬ ವೆಲ್ಡರನದು. ಮೇಸ್ತ್ರಿ ಬಿಟ್ಟುಹೋದ ಬಳಗ ಎಂದರೆ ನಾವಿಬ್ಬರೇ. ಮೇಡಂ ನಮ್ಮಿಬ್ಬರ ಮುಖವನ್ನು ಒಂದಾದ ಮೇಲೆ ಒಂದು ನೋಡಿದರು. ವೆಲ್ಡರ್ ಬಾಗಿ ಟೈರು ನೋಡತೊಡಗಿದ. ಟೈರಿನಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ತೊಂಬತ್ತರ ದಶಕದ ಕೊನೆ ಅದು. ಕಾಲಿಲ್ಲದವರು ಕೈಯಿಂದಲೇ ಓಡಿಸುವ ಕಾರು ಎಂದರೆ ನಮ್ಮ ಕಡೆ ಜನ ನಗುತ್ತಿದ್ದರು. ಮೇಸ್ತ್ರಿ ಅಂಥವನ್ನು ಎಷ್ಟೋ ವರ್ಷದಿಂದ ಮಾಡುತ್ತಿದ್ದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಎರಕದ ವಿಭಾಗದಲ್ಲಿ ಮರದ ಅಚ್ಚು ಕೆತ್ತುತ್ತಿದ್ದವರು ಅವರು. ಅದಕ್ಕೇ ಏನು ಮಾಡಿದರೂ ಮೊದಲು ಮರದಲ್ಲಿ. "ಸುಳ್ಳೆಲ್ಲ ಮರದಲ್ಲಿ ಹೇಳಿ ಮುಗಿಸ್ಬೇಕು, ಕಬ್ಬಿಣದಲ್ಲಿ ನಿಜ ಮಾತ್ರ" ಎನ್ನುತ್ತಿದ್ದರು. ಲಾರಿ ಅಪಘಾತದಲ್ಲಿ ಕಾಲು ಕಳೆದುಕೊಂಡ ಒಬ್ಬ ಡ್ರೈವರಿಗೆ ಮೊದಲನೆಯದನ್ನು ಮಾಡಿಕೊಟ್ಟರಂತೆ. ಆಮೇಲೆ ದಾವಣಗೆರೆ, ಹಾಸನದ ಕಡೆಯಿಂದೆಲ್ಲ ಜನ ಬಂದರು.

ಇಷ್ಟೆಲ್ಲ ಮಾಡಿದ ಮನುಷ್ಯ ಮಹಾ ಪುಕ್ಕಲ. ಬಸ್ಸು ಇನ್ನೊಂದು ಬಸ್ಸನ್ನು ಹಿಂದೆ ಹಾಕುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಮ್ಮವರು ಶಿವಮೊಗ್ಗದ ಸಿಟಿ ಬಸ್ಸಿನಲ್ಲಿ ಕಂಡಕ್ಟರು. "ನಿಮ್ಮ ಮೇಸ್ತ್ರಿ ಸ್ಟಾಪ್ ಬರೋಕೆ ಮುಂಚೆನೇ ಕಂಬ ಹಿಡ್ಕೊಂಡು ನಿಂತಿರ್ತಾರೆ" ಎಂದು ಆಡಿಕೊಳ್ಳುತ್ತಿದ್ದರು. ಮೇಸ್ತ್ರಿಗೆ ಅದರ ಬೇಸರವಿರಲಿಲ್ಲ. ಧೈರ್ಯಸ್ಥರ ಕೈಗೆ ಬ್ರೇಕಿನ ಕೆಲಸ ಕೊಡಬಾರದು ಎಂಬುದು ಅವರ ಸಿದ್ಧಾಂತ. ನನ್ನನ್ನು ಕೆಲಸಕ್ಕೆ ಕರೆದದ್ದೂ ಅದೇ ಕಾರಣಕ್ಕೆ. ನಾನು ಒಂದು ಸಲ ಹೊಲಿದ ದಾರಿಯಲ್ಲೇ ಇನ್ನೊಂದು ಹೊಲಿಗೆ ಹಾಕುತ್ತಿದ್ದದ್ದನ್ನು ನೋಡಿ, "ನೀವು ಹೆದರೋರು. ಬನ್ನಿ" ಎಂದಿದ್ದರು.

ಅವರಿದ್ದಾಗ ನಮ್ಮ ಹೆದರಿಕೆಯನ್ನೂ ಅವರೇ ಪಡುತ್ತಿದ್ದರು. ಅವರು ಹೋದ ಮೇಲೆ ಅದು ನಮ್ಮ ಪಾಲಿಗೆ ಬಂತು. ನಾನು ಮೇಡಮ್ಮಿಗೆ ಆಗುವುದಿಲ್ಲ ಎಂದೇ ಹೇಳುವವಳಿದ್ದೆ. ಅಷ್ಟರಲ್ಲಿ ಅವರ ಅಣ್ಣ ಬಾಯಿಬಿಟ್ಟರು. ಅವರಿಗೆ ಹೊಸಪೇಟೆಯಲ್ಲಿ ಕೆಲಸ ಸಿಕ್ಕಿತ್ತು. ಇಷ್ಟು ದಿನ ದಿನವೂ ತಂಗಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಶಂಕರಘಟ್ಟಕ್ಕೆ ಬಿಟ್ಟು ಬರುತ್ತಿದ್ದವರು ಅವರು. ಬಸ್ಸಿನ ಮೆಟ್ಟಿಲು ಮೇಡಮ್ಮಿಗೆ ಹತ್ತಲಾಗುವುದಿಲ್ಲ. ಕಾರು ಆಗದಿದ್ದರೆ ಕೆಲಸ ಬಿಟ್ಟು ಅಣ್ಣನ ಜೊತೆ ಹೋಗಬೇಕು.

"ಅಣ್ಣನ ಮನೇಲಿ ನಾನು ಏನ್ ಮಾಡ್ಲಿ? ಕಿಟಕಿ ಹತ್ರ ಕೂತು ಅವರೆಕಾಳು ಸುಲೀಲಾ?" ಎಂದರು ಮೇಡಂ. ಅಣ್ಣನ ಮುಖ ಸಣ್ಣದಾಯಿತು. ಒಳ್ಳೆಯ ಮನುಷ್ಯ ಪಾಪ, ತಂಗಿಯ ನಾಲಿಗೆಗೆ ಹೆದರುತ್ತಿದ್ದರು.

ಆಗ ಮೇಸ್ತ್ರಿಯ ಹೆಂಡತಿ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದರು. "ಅವರು ಬರೋರಿಗೆ ಇಲ್ಲ ಅಂದವರಲ್ಲ. ಮುಗಿಸ್ಕೊಡ್ರಮ್ಮ." ವೆಲ್ಡರ್ ಟೈರು ಬಿಟ್ಟು ಎದ್ದು ನಿಂತ. ನಾನು ಹೂಂ ಎಂದೆ.

ಮುಖ್ಯವಾದ ಕೆಲಸವನ್ನೆಲ್ಲ ಮೇಸ್ತ್ರಿ ಮುಗಿಸಿದ್ದರು. ಹಳೆಯದೊಂದು ಸಣ್ಣ ಕಾರು. ಸ್ಟೀರಿಂಗಿನ ಕೆಳಗೆ ಬಲಗಡೆ ಉದ್ದನೆಯದೊಂದು ಹಿಡಿ ಕೂರಿಸಿದ್ದರು. ಅದನ್ನು ಮುಂದಕ್ಕೆ ತಳ್ಳಿದರೆ ಬ್ರೇಕು, ನಮ್ಮ ಕಡೆಗೆ ಎಳೆದರೆ ಆಕ್ಸಿಲರೇಟರ್. ಕೈಬಿಟ್ಟರೆ ಎರಡೂ ಇಲ್ಲ. ಗೇರಿನ ಕಡ್ಡಿಗೆ ಮೋಟಾರ್ ಬೈಕಿನ ಕ್ಲಚ್ಚು ಕಟ್ಟಿದ್ದರು. ಸ್ಟೀರಿಂಗ್ ಚಕ್ರದ ಮೇಲೆ, ಒಂದೇ ಕೈಯಲ್ಲಿ ತಿರುಗಿಸಲು ಅನುಕೂಲವಾಗಲೆಂದು ಬೀಟೆ ಮರದ ಒಂದು ಗುಂಡು. ತಳ್ಳಿದರೆ ಬ್ರೇಕು ಯಾಕೆ ಎಂದು ಹಿಂದೊಮ್ಮೆ ಕೇಳಿದ್ದೆ. "ಹೆದರಿದ ಮನುಷ್ಯ ಕೈ ಮುಂದೆ ಚಾಚ್ತಾನೆ. ಹೆದರಿದಾಗ ಕಾರು ನಿಲ್ಬೇಕೋ ಓಡ್ಬೇಕೋ?" ಎಂದಿದ್ದರು.

ಉಳಿದದ್ದು ಸೀಟು. ಅದರ ಕಬ್ಬಿಣದ ಚೌಕಟ್ಟನ್ನು ಮೇಸ್ತ್ರಿಯೇ ಕೊನೆಯ ದಿನಗಳಲ್ಲಿ ಬೆಸೆದು ಕೂರಿಸಿದ್ದರು. ನಾನು ಅಳತೆ ತೆಗೆಯಲು ಕೂತಾಗ ಅದು ಸೊಟ್ಟಗಿದೆ ಎನ್ನಿಸಿತು. ವೆಲ್ಡರ್ ರಸಮಟ್ಟ ಇಟ್ಟು ನೋಡಿದ. ಮುಂದಿನ ಅಂಚು ಎತ್ತರ, ಹಿಂದಿನದು ತಗ್ಗು. ಕೂತರೆ ಬಚ್ಚಲ ತೊಟ್ಟಿಯಲ್ಲಿ ಕೂತ ಹಾಗೆ ಸೊಂಟ ಹಿಂದಕ್ಕೆ ಇಳಿಯುತ್ತಿತ್ತು. ಸಾಲದ್ದಕ್ಕೆ ಚೌಕಟ್ಟಿನ ಎರಡೂ ಪಕ್ಕ ನೆಲದ ತಗಡಿನಲ್ಲಿ ಯಾವುದಕ್ಕೂ ಸಂಬಂಧವಿಲ್ಲದ ಎರಡು ತೂತು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಕೊನೆಕೊನೆಗೆ ಮೇಸ್ತ್ರಿಯ ಕೈ ನಡುಗುತ್ತಿದ್ದದ್ದನ್ನು ಇಬ್ಬರೂ ಕಂಡಿದ್ದೆವು. ಚಹಾದ ಲೋಟ ಹಿಡಿದರೆ ತುಳುಕುತ್ತಿತ್ತು.

"ಪಾವಂ, ಕಣ್ಣು ತಪ್ಪಿದೆ ಅಮ್ಮಾ" ಎಂದ ವೆಲ್ಡರ್. ಅವನ ಮನೆಮಾತು ತಮಿಳು. "ಇದನ್ನ ಯಾರೂ ನೋಡ್ಬಾರ್ದು. ಊರೋರು ಏನಂತಾರೆ, ಕೊನೆ ಕಾರು ಹಾಳ್ ಮಾಡ್ಬಿಟ್ಟ ಅಂತಾರೆ."

ನನಗೂ ಹಾಗೇ ಅನ್ನಿಸಿತು. ಸತ್ತವರ ತಪ್ಪನ್ನು ಬದುಕಿರುವವರು ಮುಚ್ಚಬೇಕು, ಅದು ನಮ್ಮಲ್ಲಿ ನಡೆದುಬಂದದ್ದು. ಸತ್ತವರ ಬಾಯಿಗೆ ಅಕ್ಕಿ ಹಾಕಿದ ಮೇಲೆ ಅವರ ಮೇಲೆ ಮಾತು ಹಾಕಬಾರದು ಎಂದು ನಮ್ಮಜ್ಜಿ ಹೇಳುತ್ತಿದ್ದರು. ವೆಲ್ಡರ್ ಚೌಕಟ್ಟನ್ನು ಕತ್ತರಿಸಿ, ರಸಮಟ್ಟದ ಗುಳ್ಳೆ ನಡುವೆ ನಿಲ್ಲುವಂತೆ ಮತ್ತೆ ಬೆಸೆದ. ಎರಡು ತೂತಿಗೂ ರಬ್ಬರಿನ ಬಿರಡೆ ಜಡಿದು, ಮೇಲೆ ಬಣ್ಣ ಹಚ್ಚಿದ. ನಾನು ದಪ್ಪ ಫೋಮಿನ ಮೇಲೆ ಮೊದಲ ದರ್ಜೆಯ ಕಂದು ರೆಕ್ಸಿನ್ ಎಳೆದು, ಅಂಚಿಗೆ ಬಿಳಿ ಪೈಪಿಂಗ್ ಕೊಟ್ಟು ಸೀಟು ಹೊಲಿದೆ. ಅಷ್ಟು ಚೆಂದದ ಸೀಟನ್ನು ನಾನು ಅಲ್ಲಿಯವರೆಗೆ ಹೊಲಿದಿರಲಿಲ್ಲ. ಮೇಸ್ತ್ರಿಗೆ ಸಲ್ಲಿಸುವ ಗೌರವ ಎಂದೇ ಹೊಲಿದದ್ದು.

ಪರೀಕ್ಷೆಗೂ ಮೇಸ್ತ್ರಿಯದೇ ಕ್ರಮ ಎಂದು ನಾವು ತಿಳಿದುಕೊಂಡದ್ದನ್ನು ಮಾಡಿದೆವು. ವೆಲ್ಡರ್ ತನ್ನ ಎರಡೂ ಕಾಲನ್ನು ಟವೆಲಿನಿಂದ ಸೀಟಿನ ಕೆಳಗಿನ ಕಬ್ಬಿಣಕ್ಕೆ ಕಟ್ಟಿಕೊಂಡು, ಕೈಯಿಂದಲೇ ಓಡಿಸಿದ. ಭದ್ರಾವತಿಯ ಹೊರವಲಯದ ಮೈದಾನದಲ್ಲಿ ಎಷ್ಟು ಸುತ್ತು ಹೊಡೆದನೋ ಲೆಕ್ಕವಿಲ್ಲ. ಎಲ್ಲಿ ಬ್ರೇಕ್ ಹಿಡಿದರೆ ಅಲ್ಲಿ ನಿಲ್ಲುತ್ತಿತ್ತು. ನನ್ನ ಎದೆ ಸ್ವಲ್ಪ ಹಗುರಾಯಿತು. ಮಾರನೆಯ ದಿನ ಬೆಳಿಗ್ಗೆ ಮೇಡಂ ಬಂದರು.

ಕಲಿಯುವವರ ಲೈಸೆನ್ಸ್ ಅವರ ಹತ್ತಿರ ಇತ್ತು. ಮೇಸ್ತ್ರಿ ಇನ್ನೊಬ್ಬರಿಗೆ ಮಾಡಿಕೊಟ್ಟಿದ್ದ ಕಾರಿನಲ್ಲಿ ಕೂತು ಹಿಡಿಯ ಕೆಲಸವನ್ನು ಅಷ್ಟಿಷ್ಟು ಕಲಿತೂ ಇದ್ದರು. ಬಣ್ಣದ ನೈಲಾನ್ ಸೀರೆ ಉಟ್ಟು, ಹೂ ಮುಡಿದು, ಮದುವೆಗೆ ಬಂದ ಹಾಗೆ ಬಂದಿದ್ದರು. ಸೀಟಿನ ಮೇಲೆ ಕೈಯಾಡಿಸಿ, "ಇಷ್ಟು ನುಣ್ಣಗಿದೆಯಲ್ಲ ಮಾರಾಯ್ತಿ, ಕೂರೋಕೇ ಮನಸ್ಸು ಬರಲ್ಲ" ಎಂದರು. ನನಗೆ ಹಿಗ್ಗು. ವೆಲ್ಡರ್ ಅವರ ಪಕ್ಕದಲ್ಲಿ ಕೂತು ನಡುವಿನ ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟುಕೊಂಡ. ನಾನು, ಅವರ ಅಣ್ಣ ಮೈದಾನದ ತುದಿಯಲ್ಲಿ ನಿಂತೆವು.

ಮೊದಲ ಸುತ್ತು ನಿಧಾನಕ್ಕೆ ಹೋದರು. ಎರಡನೆಯದೂ ಸರಿಯಾಯಿತು. ಮೂರನೆಯದಕ್ಕೆ ಸ್ವಲ್ಪ ಜೋರಾಗಿ ನಮ್ಮ ಕಡೆಗೇ ಬಂದರು. ಮುಖದ ನಗು ನನಗೆ ಕಾಣುತ್ತಿತ್ತು. ನಮ್ಮಿಂದ ದೂರದಲ್ಲೇ ಬ್ರೇಕ್ ಹಿಡಿದರು. ಕಾರಿನ ಮೂತಿ ತಗ್ಗಿತು. ನಿಲ್ಲುತ್ತದೆ ಎಂದುಕೊಂಡೆ. ನಿಲ್ಲಲಿಲ್ಲ. ಮೇಡಮ್ಮಿನ ತಲೆ ಗಾಜಿನ ಹಿಂದೆ ಕೆಳಗೆ ಇಳಿಯಿತು, ಹೂವಷ್ಟೇ ಕಂಡಿತು. ಆಮೇಲೆ ಇಂಜಿನ್ ಕಿರುಚಿ ಕಾರು ಜಿಗಿದು ನನ್ನ ಮೇಲೆ ಬಂತು.

ಓಡಬೇಕು ಎಂದು ಗೊತ್ತಿತ್ತು, ಕಾಲು ಏಳಲಿಲ್ಲ. ಅಣ್ಣ ನನ್ನ ರಟ್ಟೆ ಹಿಡಿದು ಎಳೆದದ್ದಷ್ಟೇ ನೆನಪು. ವೆಲ್ಡರ್ ಹ್ಯಾಂಡ್‌ಬ್ರೇಕನ್ನು ಕಿತ್ತು ಬರುವ ಹಾಗೆ ಎಳೆದಿದ್ದ. ಕಾರು ಅಡ್ಡ ತಿರುಗಿ, ಕೆಂಪು ಧೂಳೆಬ್ಬಿಸಿ, ನನ್ನ ಸೆರಗಿಗೆ ಬಂಪರ್ ತಾಗುವಷ್ಟು ಹತ್ತಿರ ನಿಂತಿತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ನನಗೆ ಆ ಗಳಿಗೆಯಲ್ಲಿ ಮುಂದಿನ ಉಸಿರಿನ ಖಾತ್ರಿಯೂ ಇರಲಿಲ್ಲ.

ಮೇಡಂ ಬೆವೆತು ನೀರಾಗಿದ್ದರು. "ಬ್ರೇಕ್ ಹಿಡಿದೆ. ಹಿಡಿದಿದ್ದು ನಿಜ. ಆಮೇಲೆ ಏನಾಯ್ತೋ ಗೊತ್ತಾಗ್ಲಿಲ್ಲ" ಎಂದು ಅದನ್ನೇ ಹೇಳುತ್ತಿದ್ದರು.

ಅಣ್ಣ ಅವರನ್ನು ಎತ್ತಿ ಇಳಿಸಿ ಕಲ್ಲಿನ ಮೇಲೆ ಕೂರಿಸಿದರು. "ಸಾಕು. ಕಾರೂ ಬೇಡ, ಕೆಲಸಾನೂ ಬೇಡ. ಜೀವ ಇದ್ರೆ ಬೇಡಿ ತಿಂದೇವು. ನನ್ನ ಜೊತೆ ಬಾ" ಎಂದರು. ಯಾವ ಮಾತಿಗೂ ತಿರುಗಿ ಹೇಳದೆ ಬಿಡದ ಮೇಡಂ ಸುಮ್ಮನೆ ತಲೆ ಬಗ್ಗಿಸಿದರು. ಆ ಮೌನ ನೋಡಿ ನನಗೆ ಕಾರು ಮೈಮೇಲೆ ಬಂದದ್ದಕ್ಕಿಂತ ಹೆಚ್ಚು ಭಯವಾಯಿತು.

ಅವರು ಹೋದ ಮೇಲೆ ವೆಲ್ಡರ್ ಹಿಡಿಯನ್ನೇ ದಿಟ್ಟಿಸುತ್ತ ನಿಂತ. ಮೇಸ್ತ್ರಿಯ ಲೆಕ್ಕವೇ ತಲೆಕೆಳಗಾಗಿದೆ, ತಳ್ಳುವುದಕ್ಕೆ ಆಕ್ಸಿಲರೇಟರ್, ಎಳೆಯುವುದಕ್ಕೆ ಬ್ರೇಕು ಮಾಡೋಣ ಎಂದ. ಕಟ್ಟರ್ ಕೈಗೆ ತೆಗೆದುಕೊಂಡೇ ಬಿಟ್ಟ. ನಾನು ತಡೆಯಲಿಲ್ಲ. ನನಗೇನು ಗೊತ್ತು ಬ್ರೇಕಿನ ವಿಷಯ. ಕೊಳೆಯಾದ ಸೀಟನ್ನು ಒರೆಸೋಣವೆಂದು ಬಟ್ಟೆ ಹಿಡಿದು ಬಾಗಿದೆ.

ಹೊಸ ರೆಕ್ಸಿನ್ ಮೇಲೆ ಎರಡು ಗೀರು. ಕ್ಯಾಲಿಪರಿನ ಕಬ್ಬಿಣ ಎಳೆದದ್ದು. ಸೀಟಿನ ನಡುವಿನಿಂದ ಹೊರಟು ನೇರವಾಗಿ ಮುಂದಿನ ಅಂಚಿನವರೆಗೆ ಬಂದು, ಅಂಚಿನ ಬಿಳಿ ಪೈಪಿಂಗನ್ನೂ ಹರಿದಿತ್ತು. ಬಟ್ಟೆಯ ಸುಕ್ಕು ನೋಡಿ ಮೈ ಎಲ್ಲಿ ಕೂತಿತ್ತು ಎಂದು ಹೇಳುವುದು ನನ್ನ ಕಸುಬು. ಹಿಂದೆ, ಬೆನ್ನಿನ ಹತ್ತಿರ ಒಂದು ಸುಕ್ಕೂ ಇಲ್ಲ. ಸುಕ್ಕೆಲ್ಲ ಮುಂದಿನ ಅಂಚಿನಲ್ಲಿ.

"ತಡೀರಿ" ಎಂದೆ. "ಕಟ್ಟರ್ ಕೆಳಗಿಡಿ. ಅವರು ಜಾರಿದ್ದಾರೆ."

ಬ್ರೇಕ್ ಬಿದ್ದಾಗ ಎಲ್ಲರ ಮೈಯೂ ಮುಂದಕ್ಕೆ ಹೋಗುತ್ತದೆ. ನಾವು ಕಾಲು ಊರುತ್ತೇವೆ. ಊರುತ್ತೇವೆ ಎಂಬುದು ನಮಗೆ ತಿಳಿಯುವುದೂ ಇಲ್ಲ. ಮೇಡಮ್ಮಿಗೆ ಊರಲು ಕಾಲಿಲ್ಲ. ನೈಲಾನ್ ಸೀರೆ, ನುಣ್ಣನೆಯ ರೆಕ್ಸಿನ್, ಮಟ್ಟಸವಾದ ಸೀಟು. ಜಾರಿ ಕೆಳಗೆ ಹೋಗುವಾಗ ಯಾರಾದರೂ ಏನು ಮಾಡುತ್ತಾರೆ? ಕೈಯಲ್ಲಿ ಇದ್ದದ್ದನ್ನು ಹಿಡಿದು ಮೈಯನ್ನು ಎಳೆದುಕೊಳ್ಳುತ್ತಾರೆ. ಅವರ ಕೈಯಲ್ಲಿದ್ದದ್ದು ಆ ಹಿಡಿ. ಎಳೆದರೆ ಆಕ್ಸಿಲರೇಟರ್.

ವೆಲ್ಡರ್ ಚೌಕಟ್ಟಿನ ಹೊಸ ಬೆಸುಗೆಯ ಮೇಲೆ ಬೆರಳಾಡಿಸಿದ. "ಸೊಟ್ಟ ಇರ್ಲಿಲ್ಲ ಅಮ್ಮಾ ಅದು" ಎಂದ. ಮುಂದಿನ ಅಂಚು ಎತ್ತರ, ಹಿಂದಿನದು ತಗ್ಗು. ಮೈ ಮುಂದಕ್ಕೆ ಬಂದರೆ ಏರು ಹತ್ತಬೇಕು. ನೆಲದ ಎರಡು ತೂತು ಸೊಂಟಕ್ಕೆ ಬೆಲ್ಟು ಕಟ್ಟುವುದಕ್ಕೆ. ಆ ಕಾಲದಲ್ಲಿ ನಮ್ಮ ಊರಿನಲ್ಲಿ ಕಾರಿನಲ್ಲಿ ಬೆಲ್ಟು ಕಟ್ಟುವವರನ್ನು ನಾನು ಕಂಡಿರಲಿಲ್ಲ, ಅದಕ್ಕೇ ಹೊಳೆದಿರಲಿಲ್ಲ. ಮೇಸ್ತ್ರಿಯ ಹಿಂದಿನ ಕಾರುಗಳವರಿಗೆಲ್ಲ ಊರಲು ಒಂದು ಕಾಲಾದರೂ ಇತ್ತು, ಅವಕ್ಕೆ ಇಂಥ ಸೀಟಾಗಲಿ ಬೆಲ್ಟಾಗಲಿ ಬೇಕಾಗಿರಲಿಲ್ಲ. ಟವೆಲಿನಿಂದ ಕಾಲು ಕಟ್ಟಿಕೊಂಡು ಮಾಡಿದ ಪರೀಕ್ಷೆಯೂ ಬೊಗಳೆ. ಕಟ್ಟಿದ ಕಾಲೇ ವೆಲ್ಡರನ ಮೈಯನ್ನು ಹಿಡಿದು ನಿಲ್ಲಿಸಿತ್ತು. ಮೇಸ್ತ್ರಿ ಟವೆಲು ಕಟ್ಟಿಕೊಂಡದ್ದನ್ನು ನಾವು ಹೊರಗಿನಿಂದ ನೋಡಿದ್ದೆವು. ಎಲ್ಲಿಗೆ ಕಟ್ಟಿಕೊಳ್ಳುತ್ತಿದ್ದರು, ಕಬ್ಬಿಣಕ್ಕೋ ಬರೀ ಕಾಲಿಗೆ ಕಾಲನ್ನೋ ಎಂದು ಬಾಗಿ ನೋಡಿದವರು ನಮ್ಮಲ್ಲಿ ಯಾರೂ ಇಲ್ಲ.

ಶೆಡ್ಡಿನಲ್ಲಿ ಕೂತು ನಾನು ಅತ್ತುಬಿಟ್ಟೆ. ಅವರ ಸಾವಿಗೆ ಬಾರದ ಅಳು ಅವತ್ತು ಬಂತು. ನಡುಗುವ ಕೈಯಲ್ಲೂ ಆ ಮನುಷ್ಯ ಸರಿಯಾದದ್ದನ್ನೇ ಬೆಸೆದಿದ್ದರು, ನಾವು ಅವರ ಮರ್ಯಾದೆ ಕಾಯಲು ಹೋಗಿ ಅದನ್ನು ಕತ್ತರಿಸಿ ಬಿಸಾಕಿದ್ದೆವು.

ಮರುದಿನದಿಂದ ಮತ್ತೆ ಕೆಲಸ. ನನ್ನ ಚೆಂದದ ಸೀಟನ್ನು ನಾನೇ ಬಿಚ್ಚಿದೆ. ವೆಲ್ಡರ್ ಹಳೆಯ ಕತ್ತರಿಕೆಯ ಗುರುತು ಹುಡುಕಿ, ಮೇಸ್ತ್ರಿ ಇಟ್ಟಿದ್ದ ಇಳಿಜಾರಿಗೇ ಚೌಕಟ್ಟನ್ನು ಮತ್ತೆ ಬೆಸೆದ. ಫೋಮ್ ಬೇಡವೆಂದು ತೆಂಗಿನ ನಾರಿನ ಗಟ್ಟಿ ಹಲಗೆ ಹಾಕಿದೆ. ಮೇಲೆ ರೆಕ್ಸಿನ್ ಬದಲು ಒರಟು ಜಮಖಾನೆ ಹೊದಿಸಿದೆ. ಅದರ ಮೇಲೆ ನೈಲಾನ್ ಸೀರೆ ಜಾರುವುದಿಲ್ಲ, ಬದಲಿಗೆ ಕಚ್ಚಿಕೊಳ್ಳುತ್ತದೆ. ಸೊಂಟದ ಎರಡು ಪಕ್ಕಕ್ಕೂ ಎತ್ತರದ ದಿಂಬು ಹೊಲಿದು ಕೂರಿಸಿದೆ. ರಬ್ಬರ್ ಬಿರಡೆ ಕಿತ್ತು, ಆ ತೂತಿಗೆ ಬೋಲ್ಟ್ ಹಾಕಿ, ಅಗಲವಾದ ಬೆಲ್ಟನ್ನು ಕಟ್ಟಿದೆವು. ಬೆಲ್ಟಿನ ಹೊಲಿಗೆಯ ಮೇಲೆ ಹೊಲಿಗೆ ಹಾಕಿ, ಮತ್ತೆ ಬಿಚ್ಚಿ, ಮತ್ತೆ ಹಾಕಿದೆ. ನಮ್ಮವರು ಊಟಕ್ಕೆ ಕರೆದು ಕರೆದು ಸಾಕಾಗಿ, "ಆ ಬೆಲ್ಟಿಗೆ ಆನೆ ಕಟ್ತೀಯಾ?" ಎಂದರು.

ಎಲ್ಲ ಆದ ಮೇಲೆ ಪ್ರಶ್ನೆ ಬಂತು. ಈಗ ಪರೀಕ್ಷೆ ಮಾಡುವುದು ಯಾರು? ವೆಲ್ಡರ್ ಚಕ್ಕಳಮಕ್ಕಳ ಹಾಕಿ ಕೂತು ಓಡಿಸಿದ. ನಾನು ಪಕ್ಕದಿಂದ ಅವನ ಕಾಲನ್ನೇ ನೋಡುತ್ತಿದ್ದೆ. ಬ್ರೇಕಿನ ಗಳಿಗೆ ಬಂದ ಕೂಡಲೇ ಅವನ ಬಲಗಾಲು ತಾನಾಗಿಯೇ ಬಿಚ್ಚಿ ಪೆಡಲ್ ಹುಡುಕುತ್ತಿತ್ತು. ಎಷ್ಟು ಸಲ ಮಾಡಿದರೂ ಅದೇ.

"ನಿಮ್ಮ ಕಾಲಿಗೆ ಡ್ರೈವಿಂಗ್ ಗೊತ್ತು" ಎಂದೆ. "ನನ್ನ ಕಾಲಿಗೆ ಏನೂ ಗೊತ್ತಿಲ್ಲ. ನಾನೇ ಕೂರ್ತೀನಿ."

ಹೇಳಿದ ಮೇಲೆ ನನಗೇ ಗಾಬರಿಯಾಯಿತು. ನಾನು ಸೈಕಲ್ಲನ್ನೂ ಸರಿಯಾಗಿ ಓಡಿಸಿದವಳಲ್ಲ. ವೆಲ್ಡರ್ ಬೇಡವೆಂದ. ಮೇಡಮ್ಮನ್ನೇ ಮತ್ತೆ ಕೂರಿಸೋಣ, ತಾನು ಹ್ಯಾಂಡ್‌ಬ್ರೇಕ್ ಹಿಡಿಯುತ್ತೇನೆ ಎಂದ. ಇನ್ನೊಂದು ಸಲ ಹಾಗಾದರೆ ಅವರು ಜನ್ಮದಲ್ಲಿ ಆ ಕಾರು ಹತ್ತುವುದಿಲ್ಲ, ಹತ್ತಬಾರದು ಕೂಡ. ಹೆದರಿಕೆ ನನ್ನ ಪಾಲಿಗೆ ಇರಲಿ ಎಂದೆ. ಧೈರ್ಯದ ಮಾತಲ್ಲ ಅದು, ಬೇರೆ ದಾರಿ ಕಾಣಲಿಲ್ಲ.

ಶಂಕರಘಟ್ಟದ ದಾರಿಯಿಂದ ಒಳಗೆ, ಕೆಲಸ ನಿಂತುಹೋದ ಒಂದು ಕಲ್ಲುಕ್ವಾರಿ. ಅದಕ್ಕೆ ಇಳಿಯುವ ಮಣ್ಣುರಸ್ತೆ ಉದ್ದಕ್ಕೆ ಇಳಿದು, ಕೊನೆಯಲ್ಲಿ ಮಣ್ಣಿನ ದೊಡ್ಡ ಗುಡ್ಡೆಗೆ ಮುಟ್ಟುತ್ತಿತ್ತು. ಇಂಜಿನ್ ಹಾಕದೆ ಮೇಲಿನಿಂದ ತಳ್ಳಿಬಿಟ್ಟರೆ ಕಾರು ತಾನಾಗಿ ಓಡುತ್ತದೆ. ನಾನು ಮಾಡಬೇಕಾದ್ದು ಸ್ಟೀರಿಂಗ್ ನೇರ ಹಿಡಿಯುವುದು, ವೆಲ್ಡರ್ ಹೊರಗಿನಿಂದ ಕೂಗಿದಾಗ ಹಿಡಿಯನ್ನು ತಳ್ಳುವುದು, ಅಷ್ಟೇ. ಜಾರಿದರೆ ನನ್ನ ಕೈ ಎಳೆಯುತ್ತದೆ, ಬ್ರೇಕು ಬಿಡುತ್ತದೆ, ಕಾರು ಗುಡ್ಡೆಗೆ ಹೋಗಿ ಹೊಡೆಯುತ್ತದೆ. ಪಕ್ಕದಲ್ಲಿ ಕೂತು ಕಾಯುತ್ತೇನೆ ಎಂದ ವೆಲ್ಡರನಿಗೆ ಬೇಡವೆಂದೆ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಮೈ ಅವರನ್ನು ನೆಚ್ಚಿಕೊಳ್ಳುತ್ತದೆ.

ನೈಲಾನ್ ಸೀರೆ ಉಟ್ಟುಕೊಂಡು ಹೋಗಿದ್ದೆ. ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ, ಸೊಂಟಕ್ಕೆ ಬೆಲ್ಟು ಬಿಗಿದುಕೊಂಡೆ. ನಾನೇ ಹೊಲಿದ ಬೆಲ್ಟು. ಎಲ್ಲಿ ಹೊಲಿಗೆ ತಿರುಗಿದೆ, ಎಲ್ಲಿ ದಾರ ಮುಗಿದು ಗಂಟು ಬಿದ್ದಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲೆ. ಅದು ಗೊತ್ತಿದ್ದರಿಂದ ಧೈರ್ಯ ಬರುವುದಿರಲಿ, ಒಂದೊಂದು ಗಂಟೂ ಈಗ ಬಿಚ್ಚುತ್ತದೆ ಎನ್ನಿಸುತ್ತಿತ್ತು. ಅಂಗೈ ಬೆವರಿಗೆ ಹಿಡಿ ಜಾರುತ್ತಿತ್ತು, ಸೆರಗಿನಿಂದ ಒರೆಸಿಕೊಂಡೆ. ಮನೆದೇವರು ವೀರಭದ್ರನಿಗೆ ಕೈಮುಗಿಯೋಣವೆಂದರೆ ಎರಡೂ ಕೈಗೆ ಕೆಲಸ.

"ಬಿಡ್ಲಾ ಅಮ್ಮಾ?" ಎಂದ ವೆಲ್ಡರ್ ಹಿಂದಿನಿಂದ.

"ಕೇಳ್ಬೇಡಿ. ಬಿಟ್ಬಿಡಿ" ಎಂದೆ.

ಮೊದಮೊದಲು ಎತ್ತಿನಗಾಡಿಯ ಹಾಗೆ ಹೊರಟಿತು. ಆಮೇಲೆ ಕಲ್ಲು ಟೈರಿನ ಕೆಳಗೆ ಸಿಡಿಯತೊಡಗಿತು. ಕಿಟಕಿಯಿಂದ ಗಾಳಿ ಬಡಿಯಿತು. ಮಣ್ಣಿನ ಗುಡ್ಡೆ ದೊಡ್ಡದಾಗುತ್ತ ಬಂತು. ವೆಲ್ಡರ್ ಕೂಗಿದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೆದರಿ ಕೈಯನ್ನು ಮುಂದಕ್ಕೆ ಚಾಚಿದೆ. ಕಾರಿನ ಮೂತಿ ತಗ್ಗಿತು. ಯಾರೋ ಬೆನ್ನಿನ ಹಿಂದೆ ನಿಂತು ನೂಕಿದ ಹಾಗೆ ಮೈ ಮುಂದೆ ಹೋಯಿತು, ತೊಡೆಯ ಕೆಳಗೆ ಸೀಟಿನ ಏರು ತಡೆಯಿತು, ಬೆಲ್ಟು ಹೊಟ್ಟೆಗೆ ಕಚ್ಚಿತು. ಸೊಂಟ ಕದಲಲಿಲ್ಲ. ಕೈ ಚಾಚಿಯೇ ಇತ್ತು. ಗುಡ್ಡೆಯ ಮೇಲಿನ ಹುಲ್ಲು ಎಣಿಸುವಷ್ಟು ಹತ್ತಿರ ಕಾರು ನಿಂತಿತು.

ವೆಲ್ಡರ್ ಓಡಿಬಂದ. ನನಗೆ ಹಿಡಿಯಿಂದ ಬೆರಳು ಬಿಡಿಸಲಾಗಲಿಲ್ಲ, ಅವನೇ ಒಂದೊಂದಾಗಿ ಬಿಡಿಸಿದ. "ಇನ್ನೊಂದ್ಸಲ ತಳ್ಳಿ" ಎಂದೆ. ಒಂದು ಸಲ ನಿಂತದ್ದು ಅದೃಷ್ಟವೂ ಇರಬಹುದಲ್ಲ. ಅವತ್ತು ಬಿಸಿಲು ಇಳಿಯುವವರೆಗೆ ತಳ್ಳಿಸಿಕೊಂಡೆ. ಕಾರನ್ನು ಮತ್ತೆ ಮತ್ತೆ ಮೇಲಕ್ಕೆ ಓಡಿಸಿ ವೆಲ್ಡರನಿಗೂ ಸಾಕಾಯಿತು. ಭಯವೇನೂ ಕಡಿಮೆಯಾಗಲಿಲ್ಲ, ಆದರೆ ಸೊಂಟ ಒಂದು ಸಲವೂ ಕದಲಲಿಲ್ಲ.

ಮೇಡಮ್ಮನ್ನು ಒಪ್ಪಿಸಲು ಅವರ ಮನೆಗೆ ಹೋದೆ. ನಡೆದದ್ದನ್ನೆಲ್ಲ, ಚೌಕಟ್ಟು ಕತ್ತರಿಸಿದ್ದನ್ನೂ ಸೇರಿಸಿ ಹೇಳಿದೆ. ಅಣ್ಣ ತಲೆ ಅಲ್ಲಾಡಿಸುತ್ತಲೇ ಇದ್ದರು. ಮೇಡಂ ನನ್ನ ಹೊಟ್ಟೆಯ ಮೇಲೆ ಬೆಲ್ಟು ಕಚ್ಚಿ ಮೂಡಿದ್ದ ಬಾಸುಂಡೆಯನ್ನು ನೋಡಿ, ಬೆರಳಿನಿಂದ ಮುಟ್ಟಿದರು. ಆಮೇಲೆ ಊರುಗೋಲು ತೆಗೆದುಕೊಡಲು ಅಣ್ಣನಿಗೆ ಹೇಳಿದರು.

ಮತ್ತೆ ಮೈದಾನ, ಮತ್ತೆ ಸುತ್ತು, ಈ ಸಲ ಪಕ್ಕದಲ್ಲಿ ನಾನು. ಕ್ವಾರಿಯ ಇಳಿಜಾರನ್ನೂ ಅವರು ಇಳಿದರು. ಹೂ ಮುಡಿದು ಬರುವುದನ್ನು ಬಿಟ್ಟಿದ್ದರು. ಆರ್‌ಟಿಓ ಅಧಿಕಾರಿ ಪಕ್ಕದಲ್ಲಿ ಕೂತು ಪರೀಕ್ಷೆ ಮಾಡಿ ಲೈಸೆನ್ಸನ್ನೂ ಕೊಟ್ಟರು. ಅಣ್ಣ ಹೊಸಪೇಟೆಯ ಬಸ್ಸು ಹತ್ತುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾ, ಅವಳು ಎಷ್ಟು ಬೈದ್ರೂ ನೀವು ಜೊತೇಲಿ ಹೋಗಿ" ಎಂದರು. ಆಗಲಿ ಎಂದು ಮಾತು ಕೊಟ್ಟೆ.

ಹಾಗೆ ಅವರು ಕೆಲಸಕ್ಕೆ ಹೊರಟ ಮೊದಲ ಬೆಳಿಗ್ಗೆ ನಾನು ಪಕ್ಕದಲ್ಲಿ ಕೂತಿದ್ದೆ. ಕೈ ಹ್ಯಾಂಡ್‌ಬ್ರೇಕಿನ ಮೇಲೆ. ಭದ್ರಾವತಿ ದಾಟಿದೆವು. ಸೈಕಲ್ಲು, ಕುರಿಮಂದೆ, ಎದುರಿಗೆ ಬಂದ ಟ್ರಾಕ್ಟರ್, ಒಂದೊಂದಕ್ಕೂ ನನ್ನ ಉಸಿರು ನಿಲ್ಲುತ್ತಿತ್ತು. ಸಿಂಗನಮನೆಯ ಹತ್ತಿರ ಕಾಲೇಜು ಹುಡುಗರನ್ನು ತುಂಬಿಕೊಂಡ ಬಸ್ಸು ನಮ್ಮನ್ನು ಹಿಂದೆ ಹಾಕಿ, ಕೈ ತೋರಿಸದೆ ನಮ್ಮ ಮೂತಿಗೇ ನಿಂತಿತು. ನಾನು ಕಣ್ಣು ಮುಚ್ಚಿಬಿಟ್ಟೆ. ಹ್ಯಾಂಡ್‌ಬ್ರೇಕ್ ಎಳೆಯಬೇಕೆಂಬುದೇ ಮರೆತುಹೋಯಿತು. ಕಣ್ಣು ಬಿಟ್ಟಾಗ ಬಸ್ಸಿನ ಹಿಂದಿನ ಏಣಿ ಗಾಜಿನ ಮುಂದೆಯೇ ಇತ್ತು. ಕಾರು ನಿಂತಿತ್ತು. ಮೇಡಂ ನೆಟ್ಟಗೆ ಕೂತಿದ್ದರು, ಬಲಗೈ ಚಾಚಿಕೊಂಡು.

ಬಸ್ಸು ಹೋಯಿತು. ಅವರು ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದರು.

"ಇಳೀರಿ" ಎಂದರು.

ನನಗೆ ಅರ್ಥವಾಗಲಿಲ್ಲ. "ಯಾಕೆ ಮೇಡಂ, ಏನಾಯ್ತು? ಬೆಲ್ಟು ಸಡಿಲ ಆಯ್ತಾ?"

"ಬೆಲ್ಟು ಸರಿಯಾಗಿದೆ. ನೀವು ಇಳೀರಿ. ಇಲ್ಲಿಂದ ಬಸ್ ಸಿಗುತ್ತೆ ನಿಮ್ಗೆ."

"ನಿಮ್ಮಣ್ಣಂಗೆ ಮಾತು ಕೊಟ್ಟಿದೀನಿ."

ಅವರು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. "ನಂಗೆ ಮೂವತ್ತು ದಾಟಿದೆ. ಹುಟ್ಟಿದಾಗಿನಿಂದ ಎಲ್ಲಿಗೂ ಒಬ್ಬಳೇ ಹೋಗಿಲ್ಲ. ಬಚ್ಚಲಿಗೂ ಯಾರಾದ್ರೂ ಬಾಗಿಲ ಹತ್ರ ನಿಂತಿರ್ತಾರೆ. ನಂಗೂ ಭಯ ಇದೆ. ಆದ್ರೂ ಇಳೀರಿ."

ಬೇಡ ಎನ್ನಲು ನಾಲ್ಕು ಕಾರಣ ಬಾಯಿಗೆ ಬಂದಿದ್ದವು. ಹ್ಯಾಂಡ್‌ಬ್ರೇಕಿನ ಮೇಲಿದ್ದ ಕೈ ತೆಗೆದು, ಅವರ ಬೆಲ್ಟನ್ನು ಒಮ್ಮೆ ಎಳೆದು ನೋಡಿ, ಇಳಿದೆ. ಬಾಗಿಲು ಹಾಕಿದ ಮೇಲೂ ಕಿಟಕಿ ಬಿಡಲು ಮನಸ್ಸಾಗಲಿಲ್ಲ. ಮೇಡಂ ನನ್ನ ಬೆರಳಿನ ಕಡೆ ನೋಡಿದರು. ಕೈ ತೆಗೆದೆ.

ಕಾರು ಹೊರಟಿತು. ಒಂದನೇ ಗೇರು, ಎರಡನೆಯದು. ನಾನು ರಸ್ತೆಯ ಮಧ್ಯೆ ನಿಂತು ನೋಡುತ್ತಿದ್ದೆ. ಮುಂದೆ ತಿರುವಿತ್ತು, ತಿರುವಿನಾಚೆ ಏನು ಬರುತ್ತಿದೆಯೋ ನನಗೆ ಕಾಣುತ್ತಿರಲಿಲ್ಲ, ಅವರಿಗೂ ಕಾಣುತ್ತಿರಲಿಲ್ಲ. ಬ್ರೇಕ್ ಹಿಡೀರಿ, ಈಗ ಹಿಡೀರಿ ಎಂದು ಒಳಗೊಳಗೇ ಬೇಡಿಕೊಂಡೆ. ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ತಿರುವು ಇನ್ನೂ ದೂರವಿರುವಾಗಲೇ ಕಾರಿನ ಹಿಂದೆ ಎರಡು ಕೆಂಪು ದೀಪ ಹತ್ತಿದವು, ನಿಧಾನವಾಗಿ ಆರಿದವು, ಕಾರು ತಿರುಗಿ ಮರೆಯಾಯಿತು. ಶಂಕರಘಟ್ಟದ ಕಡೆಯಿಂದ ಬಂದ ಬಸ್ಸು ಹಾರ್ನ್ ಮಾಡುವವರೆಗೆ ನಾನು ರಸ್ತೆಯ ಮಧ್ಯದಲ್ಲೇ ನಿಂತಿದ್ದೆ.